ಗಂಡನ ಫೋನ್ ತೆರೆದು ನೋಡಲಾ, ಬೇಡವಾ? ದಾಟಿ ಬಂದವರು ಹೇಳಿ

ಕೇಳಿದವರು, ತುಮಕೂರು:

ಮದುವೆಯಾಗಿ ಒಂಬತ್ತು ವರ್ಷ. ಎರಡನೇ ಕ್ಲಾಸಿನ ಮಗಳಿದ್ದಾಳೆ. ನಮ್ಮವರು ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಈಚೆಗೆ ಕೆಲವು ತಿಂಗಳಿಂದ ಫೋನ್ ಕೈಬಿಡುವುದೇ ಇಲ್ಲ. ಸ್ನಾನಕ್ಕೂ ಒಯ್ಯುತ್ತಾರೆ. ಮೊದಲು ಮಗಳು ಹುಟ್ಟಿದ ತಾರೀಕೇ ಪಿನ್ ಆಗಿತ್ತು, ಈಗ ಬದಲಾಯಿಸಿದ್ದಾರೆ. ಆಫೀಸಿನ ಒಬ್ಬ ಹೆಂಗಸಿನ ಹೆಸರು ಮೊದಲೆಲ್ಲ ಮಾತುಮಾತಿಗೆ ಬರುತ್ತಿತ್ತು. ಈಗ ಆ ಹೆಸರೇ ಎತ್ತುವುದಿಲ್ಲ. ನನಗೆ ಜಾಸ್ತಿ ಚುಚ್ಚುತ್ತಿರುವುದು ಅದೇ. ಏನು ವಿಷಯ ಅಂದರೆ "ನಿನಗೆ ಬೇರೆ ಕೆಲಸ ಇಲ್ವಾ" ಅಂತ ಎದ್ದು ಹೋಗುತ್ತಾರೆ.

ಅವರು ಮಲಗಿದಾಗ ಬೆರಳು ತಾಗಿಸಿದರೆ ಫೋನ್ ತೆರೆಯುತ್ತದೆ. ಹತ್ತಿರ ಹೋಗಿ ವಾಪಸ್ ಬಂದಿದ್ದೇನೆ. ನನ್ನ ತಮ್ಮ "ಒಂದು ಆ್ಯಪ್ ಹಾಕಿಕೊಡ್ತೀನಿ, ಅವರ ಮೆಸೇಜೆಲ್ಲ ನಿನ್ನ ಫೋನಿಗೆ ಬರುತ್ತೆ" ಅನ್ನುತ್ತಿದ್ದಾನೆ. ಏನು ಮಾಡಲಿ? ದಯವಿಟ್ಟು ಸುಮ್ನೆ "ನಂಬಿಕೆ ಇಡಿ" ಅಂತ ಮಾತ್ರ ಹೇಳಬೇಡಿ.

ಶಿವಮೊಗ್ಗ, ಹೈಸ್ಕೂಲ್ ಟೀಚರ್:

ನಾನು ನೋಡಿದವಳು. ನೋಡಿದ್ದಕ್ಕೆ ಇವತ್ತಿಗೂ ಬೇಸರ ಇಲ್ಲ, ಯಾಕಂದರೆ ನನಗೆ ತಲೆ ಕೆಟ್ಟಿದೆ ಅಂತ ನಾನೇ ನಂಬುವ ಹಂತಕ್ಕೆ ಬಂದಿದ್ದೆ. ಆದರೆ ನೋಡಿದ ಮೇಲೆ ಏನು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅದನ್ನು ಹೇಳುತ್ತೇನೆ.

ಚಾಟ್ ಓದಲು ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲ ತಂಗಿ. ಸಂಬಂಧ ಇದೆ ಅಂತ ಗೊತ್ತಾಗಲು ನಾಲ್ಕು ಸಾಲು ಸಾಕಿತ್ತು. ನಾನು ಬೆಳಗಿನ ಹಾಲಿನವನು ಬರುವವರೆಗೂ ಓದಿದೆ. ಅದರಲ್ಲಿ ನನಗೊಂದು ಅಡ್ಡಹೆಸರಿತ್ತು: ವಾರ್ಡನ್. ನಮ್ಮತ್ತೆಯ ಕಾಯಿಲೆ, ನನ್ನ ಅಣ್ಣನ ಸಾಲ, ಮನೆಯ ವಿಷಯವೆಲ್ಲ ಆಕೆಗೆ ಗೊತ್ತಿತ್ತು. ನಾವೀಗ ಒಟ್ಟಿಗೇ ಇದ್ದೇವೆ, ಮನೆಯವರು ಬದಲಾಗಿದ್ದಾರೆ ಅಂತಲೂ ನಂಬುತ್ತೇನೆ. ಆದರೂ ಅವರು ನಕ್ಕರೆ ಒಮ್ಮೊಮ್ಮೆ ಆ "ವಾರ್ಡನ್" ಕಿವಿಯಲ್ಲಿ ಬರುತ್ತೆ. ಓದಿದ್ದನ್ನು ಅಳಿಸುವ ಬಟನ್ ನಮ್ಮ ತಲೆಯಲ್ಲಿಲ್ಲ.

ಅದಕ್ಕೇ, ಬೆರಳು ಮುಟ್ಟುವ ಮೊದಲು ಒಂದು ಯೋಚನೆ ಮಾಡಿ. ಇದೆ ಅಂತಾದರೆ ನಾಳೆ ಬೆಳಗ್ಗೆ ನೀವೇನು ಮಾಡುತ್ತೀರಿ? ತವರಿಗೆ ಹೋಗುತ್ತೀರಾ, ಇಲ್ಲೇ ಕೂತು ಮಾತಾಡುತ್ತೀರಾ? ಏನೂ ಸಿಗದಿದ್ದರೆ ಸಮಾಧಾನ ಆಗುತ್ತಾ, ಅಥವಾ "ಅಳಿಸಿರಬೇಕು" ಅಂತ ನಾಳೆ ಮತ್ತೆ ನೋಡುತ್ತೀರಾ? ಎರಡನೆಯದೇ ಉತ್ತರವಾದರೆ ಫೋನ್ ನೋಡಿ ಪ್ರಯೋಜನ ಇಲ್ಲ.

ಧಾರವಾಡ, ನಿವೃತ್ತ ಗುಮಾಸ್ತೆ:

ನಾನು ಬೇರೆ ಮಾತು ಹೇಳುತ್ತೇನವ್ವಾ. ನೋಡಿಬಿಡು. ಪ್ರೈವೆಸಿ ಅನ್ನೋದು ಕೈಯಲ್ಲಿ ಸಂಬಳ ಇದ್ದವರ ಮಾತು. ನೀನು ದುಡಿಯುತ್ತೀಯೋ ಇಲ್ಲವೋ ಬರೆದಿಲ್ಲ. ದುಡಿಮೆ ಇಲ್ಲ ಅಂದರೆ ಗಂಡ ಎತ್ತ ಹೊರಟಿದ್ದಾನೆ ಅಂತ ತಿಳಿಯೋದು ನಿನಗೂ ನಿನ್ನ ಮಗಳಿಗೂ ಅನ್ನದ ಪ್ರಶ್ನೆ. ಆದರೆ ಅದಕ್ಕೂ ಮೊದಲು ನಿನ್ನ ಬಂಗಾರ ಯಾರ ಹೆಸರಿನ ಲಾಕರ್‌ನಲ್ಲಿದೆ, ನಿನ್ನ ಹೆಸರಲ್ಲಿ ಬ್ಯಾಂಕ್ ಖಾತೆ ಇದೆಯಾ, ಮಗಳ ಬರ್ತ್ ಸರ್ಟಿಫಿಕೇಟ್ ಎಲ್ಲಿದೆ, ಇಷ್ಟು ನೋಡಿಕೋ. ಫೋನ್ ಎಲ್ಲಿಗೂ ಓಡಿಹೋಗಲ್ಲ.

ಬೆಂಗಳೂರು, ಫ್ಯಾಮಿಲಿ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ವಕೀಲೆ:

ಮೇಡಂ, ಮೊದಲು ಆ ಆ್ಯಪ್ ವಿಷಯ. ಬೇಡ. ತಮ್ಮನಿಗೂ ಖಡಾಖಂಡಿತ ಹೇಳಿ. ಇನ್ನೊಬ್ಬರ ಫೋನಿಗೆ ಗೊತ್ತಿಲ್ಲದ ಹಾಗೆ ಇಂಥದ್ದು ಹಾಕಿದರೆ ಐಟಿ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳಲ್ಲಿ ಕೇಸ್ ಆಗಬಹುದು. 66ರಲ್ಲಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಗಂಡ ಹೆಂಡತಿಗೆ ಅಂತ ವಿನಾಯಿತಿ ಬರೆದಿಲ್ಲ. ಜೊತೆಗೆ, ಇಂಥ ಆ್ಯಪ್‌ಗಳು ನಕಲು ಮಾಡಿದ್ದನ್ನು ಯಾರದೋ ಸರ್ವರ್‌ಗೆ ಕಳಿಸಿ ಅಲ್ಲಿಂದ ನಿಮಗೆ ತೋರಿಸುತ್ತವೆ. ಮಗಳ ಫೋಟೊ, ಬ್ಯಾಂಕಿನ ಒಟಿಪಿ ಎಲ್ಲ ಆ ದಾರಿಯಲ್ಲೇ ಹೋಗುತ್ತೆ.

"ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಅಂತ ಬರುವವರು ಬಹಳ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಐಪಿಸಿ 497ನೇ ಸೆಕ್ಷನ್ ರದ್ದು ಮಾಡಿತು. ಪರಸಂಬಂಧ ಈಗ ಅಪರಾಧ ಅಲ್ಲ. ಹಾಗೆ ನೋಡಿದರೆ ಆ ಸೆಕ್ಷನ್ ಇದ್ದಾಗಲೂ ಹೆಂಡತಿಗೆ ಅದರಿಂದ ಉಪಯೋಗ ಇರಲಿಲ್ಲ, ದೂರು ಕೊಡುವ ಹಕ್ಕು ಇದ್ದದ್ದು ಆ ಇನ್ನೊಬ್ಬ ಹೆಂಗಸಿನ ಗಂಡನಿಗೆ! ಡೈವೋರ್ಸ್‌ಗೆ ಕಾರಣವಾಗಿ ಮಾತ್ರ ಅದು ಈಗಲೂ ಉಳಿದಿದೆ, ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ.

ಇನ್ನು ಸಾಕ್ಷಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸ್ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬಿಸಿ ಫ್ಯಾಮಿಲಿ ಕೋರ್ಟಿಗೂ ಮುಟ್ಟಿದೆ. ಹೆಂಡತಿಗೆ ಸಂಬಂಧ ಇದೆ ಎನ್ನಲಾದವನ ಮೊಬೈಲ್ ಟವರ್ ವಿವರ ತರಿಸಲು ಫ್ಯಾಮಿಲಿ ಕೋರ್ಟ್ ಒಪ್ಪಿದ್ದನ್ನು 2022ರಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಗಂಡ ಹೆಂಡತಿ ಜಗಳದಲ್ಲಿ ಮೂರನೆಯವರ ಖಾಸಗಿ ವಿವರ ಕೆದಕುವಂತಿಲ್ಲ ಅಂತ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಕಡೆಯಿಂದ ನೋಡಿತು. ಗಂಡ ಹೆಂಡತಿ ಮಾತಾಡಿದ್ದನ್ನು ಅವರಲ್ಲೊಬ್ಬರು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ಮದುವೆಯ ಕೇಸಿನಲ್ಲಿ ಅದನ್ನು ಸಾಕ್ಷಿಯಾಗಿ ನೋಡಬಹುದು ಅಂದಿತು. ಇದನ್ನೇ ಹಿಡಿದು "ಕದ್ದು ನೋಡಲು ಈಗ ಪರ್ಮಿಷನ್ ಇದೆ ಅಲ್ವಾ ಮೇಡಂ" ಅಂತ ಕೇಳುವವರಿದ್ದಾರೆ. ಇಲ್ಲ. ಕೋರ್ಟ್ ಸಾಕ್ಷಿ ನೋಡುತ್ತೆ ಅಂದ ಮಾತ್ರಕ್ಕೆ ನೀವು ಅದನ್ನು ತಂದ ದಾರಿಯ ಮೇಲೆ ಕೇಸ್ ಬೀಳುವುದಿಲ್ಲ ಅಂತ ಆಗುವುದಿಲ್ಲ.

ಸುಮ್ನೆ ಸ್ಕ್ರೀನ್‌ಶಾಟ್ ಪ್ರಿಂಟ್ ತಂದರೆ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಸರ್ಟಿಫಿಕೇಟ್ (ಈ ಡಿಜಿಟಲ್ ಪ್ರತಿ ಯಾವ ಸಾಧನದಿಂದ, ಹೇಗೆ ಬಂತು ಅನ್ನುವ ದೃಢೀಕರಣ) ಬೇಕು ಅಂತ ಎದುರು ವಕೀಲರು ಕೂರುತ್ತಾರೆ. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾದ ಮೇಲೂ ಕ್ಷಮಿಸಿ ಸಂಸಾರ ಮುಂದುವರಿಸಿದರೆ, ಆಮೇಲೆ ಅದೇ ಕಾರಣಕ್ಕೆ ಡೈವೋರ್ಸ್ ಕೇಳುವುದು ಕಷ್ಟ.

ಮೈಸೂರು:

ನಮ್ಮ ಮನೆಯ ಫೋನಿನೊಳಗೆ ಹೆಂಗಸು ಇರಲಿಲ್ಲ, ಸಾಲ ಇತ್ತು. ಆನ್‌ಲೈನ್ ರಮ್ಮಿ, ಅದಕ್ಕೆ ಲೋನ್ ಆ್ಯಪ್, ಒಂದರ ಬಡ್ಡಿಗೆ ಇನ್ನೊಂದು. ಲಕ್ಷಣಗಳೆಲ್ಲ ನೀವು ಬರೆದದ್ದೇ. ಬಾತ್‌ರೂಮಿಗೆ ಫೋನ್, ಹೊಸ ಪಿನ್, ಕೇಳಿದರೆ ಕೋಪ. ನಮಗೆ ಗೊತ್ತಾಗಿದ್ದು ಜಾಯಿಂಟ್ ಖಾತೆಯ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ. ನಿಮ್ಮದು ಹೀಗೇ ಇರುತ್ತೆ ಅಂತ ಅಲ್ಲ. ಆದರೆ ಇಬ್ಬರ ಹೆಸರಿನ ಖಾತೆ ನೋಡಲು ಯಾರ ಬೆರಳೂ ಬೇಡ.

ಉಡುಪಿ ಹತ್ತಿರ, ಗಂಡ ಗಲ್ಫ್‌ನಲ್ಲಿ:

ನಾನು ಎದುರು ಬದಿಯಲ್ಲಿದ್ದವಳು. ಸಂಶಯ ನನ್ನ ಮೇಲಿತ್ತು. ಮೊದಲು ಲೈವ್ ಲೊಕೇಶನ್ ಹಾಕು ಅಂದರು, ಹಾಕಿದೆ. ಆಮೇಲೆ ವಿಡಿಯೊ ಕಾಲ್‌ನಲ್ಲಿ ರೂಮೆಲ್ಲ ತಿರುಗಿಸಿ ತೋರಿಸು ಅಂದರು. ಊರಿಗೆ ಬಂದಿದ್ದಾಗ ನನ್ನ ವಾಟ್ಸಾಪನ್ನು ತಮ್ಮ ಹಳೇ ಫೋನಿಗೆ ಜೋಡಿಸಿಕೊಂಡು ಹೋಗಿದ್ದರು. ನಾನು ಸೆಟ್ಟಿಂಗ್ಸ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದಾಗ ಗೊತ್ತಾಯಿತು, ಅಲ್ಲಿ ಯಾವ್ಯಾವ ಸಾಧನ ಜೋಡಿಸಿದೆ, ಕೊನೆಗೆ ಯಾವಾಗ ಬಳಸಿದ್ದು ಎಲ್ಲ ಕಾಣುತ್ತೆ. ಇದನ್ನು ಓದುತ್ತಿರುವ ಎಲ್ಲರೂ ಒಮ್ಮೆ ತೆರೆದು ನೋಡಿ.

ಹೇಳಬೇಕಾದದ್ದು ಇದು. ಯಾರೋ ಓದುತ್ತಿದ್ದಾರೆ ಅಂತ ಗೊತ್ತಾದ ಮೇಲೆ ನಾನು ಅಳಿಸಲು ಶುರು ಮಾಡಿದೆ. ಏನನ್ನು? ಅಕ್ಕನ ಹತ್ತಿರ ಅತ್ತೆಯ ಬಗ್ಗೆ ಹೇಳಿಕೊಂಡದ್ದು. ಟೈಲರ್ ಒಬ್ಬ "ಬ್ಲೌಸ್ ರೆಡಿ, ಬನ್ನಿ" ಅಂತ ಕಳಿಸಿದ್ದು. ತಪ್ಪು ಅರ್ಥ ಬರಬಹುದಾದದ್ದೆಲ್ಲ. ಪಿನ್ ಕೂಡ ಬದಲಾಯಿಸಿದೆ. ಹೊರಗಿಂದ ನೋಡಿದರೆ ನಾನೂ ಪಕ್ಕಾ ಕಳ್ಳಿ ಹಾಗೇ ಕಾಣುತ್ತಿದ್ದೆ. ಇಲ್ಲದ್ದನ್ನು ಇಲ್ಲ ಅಂತ ತೋರಿಸುವುದು ಹೇಗೆ ಹೇಳಿ? ಹಾಗಾಗಿ ಪಿನ್ ಬದಲಾದದ್ದೊಂದನ್ನೇ ಹಿಡಿದು ಕೂರಬೇಡಿ ಅಕ್ಕ. ಹೆಸರು ಎತ್ತುವುದು ನಿಂತಿದೆ ಅಂದಿರಲ್ಲ, ಅದು ಮಾತ್ರ ಕೇಳಲೇಬೇಕಾದದ್ದು ಅಂತ ನನಗೂ ಅನಿಸುತ್ತೆ.

ಬೆಂಗಳೂರಿನ ವಕೀಲೆ, ಮತ್ತೆ:

ಉಡುಪಿಯವರಿಗೆ ಒಂದು ಮಾತು. ಗಂಡಸು ಹೆಂಗಸಿನ ಇಂಟರ್ನೆಟ್, ಮೆಸೇಜ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್‌ನಲ್ಲಿ ಸ್ಟಾಕಿಂಗ್ (ಬೆನ್ನುಹತ್ತಿ ಕಾಡುವ ಅಪರಾಧ) ಅಂತ ಬರುತ್ತೆ.

ದಾವಣಗೆರೆ, ಸ್ಟಾಫ್ ನರ್ಸ್:

ಯಾರೂ ಹೇಳದ ವಿಷಯ ಅಂತ ಬರೆಯುತ್ತಿದ್ದೇನೆ, ಕೆಟ್ಟದಾಗಿ ತಿಳಿಯಬೇಡಿ. ಸಂಶಯ ಗಟ್ಟಿಯಾಗಿದ್ದರೆ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ, ಅಂದರೆ ಸಲಹೆ ಕೊಟ್ಟು ಪರೀಕ್ಷೆ ಮಾಡುವ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ, ಯಾರಿಗೂ ಹೇಳುವುದಿಲ್ಲ, ಯಾಕೆ ಅಂತ ನ್ಯಾಯ ಪಂಚಾಯ್ತಿಯೂ ಇಲ್ಲ. ಇದಕ್ಕೆಂದೇ ಇರುವ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಬಹುದು. ಇತ್ತೀಚಿನ ಸಂಪರ್ಕವಾದರೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಬೇಕಾಗುತ್ತೆ. ಗುಟ್ಟು ಬಯಲಾಗುವವರೆಗೆ ಕಾಯುವ ಅಗತ್ಯ ಇಲ್ಲ.

ಇನ್ನೊಂದು, ಎಲ್ಲ ಸಂಶಯವೂ ಫೋನ್ ನೋಡಿದರೆ ಇಳಿಯುವಂಥದ್ದಲ್ಲ. ಜೋರು ಕುಡಿತ ಇರುವ ಕೆಲವು ಗಂಡಸರಲ್ಲಿ ಸಂಶಯವೇ ಕಾಯಿಲೆಯಾಗಿ ಹೆಂಡತಿಯ ಬಟ್ಟೆ ಮೂಸಿ ನೋಡುವ ಮಟ್ಟಕ್ಕೆ ಹೋಗಿದ್ದನ್ನು ವಾರ್ಡಿನಲ್ಲಿ ನೋಡಿದ್ದೇನೆ. ಅಲ್ಲಿ ಬೇಕಾದದ್ದು ಡಾಕ್ಟರು. ನಿಮ್ಮದು ಹಾಗೆ ಕಾಣುವುದಿಲ್ಲ. ನಿದ್ದೆ, ಊಟ ಬಿಟ್ಟಿದ್ದರೆ ಮಾತ್ರ 14416ಕ್ಕೆ ಮಾಡಿ, ಟೆಲಿಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಜಗಳದಲ್ಲಿ ಕೈ ಎತ್ತುವ ಸ್ವಭಾವ ಇದ್ದರೆ 181 (ಮಹಿಳಾ ಸಹಾಯವಾಣಿ) ಮತ್ತು 112 (ಪೊಲೀಸ್ ತುರ್ತು ಕರೆ) ನೆನಪಿರಲಿ.

ಕೇಳಿದವರು, ತುಮಕೂರು:

ಎಲ್ಲರಿಗೂ ಥ್ಯಾಂಕ್ಸ್. ತಮ್ಮನಿಗೆ ಆ್ಯಪ್ ಬೇಡ ಅಂದೆ. ಧಾರವಾಡದ ಅಮ್ಮಾ, ನಾನು ಹೊಲಿಗೆ ಕೆಲಸ ಮಾಡುತ್ತೇನೆ, ಖಾತೆ ನನ್ನ ಹೆಸರಲ್ಲೇ ಇದೆ. ಪಾಸ್‌ಬುಕ್ ನೋಡಿದೆ, ಸಾಲ ಅಂತೇನೂ ಕಾಣಲಿಲ್ಲ.

ಭಾನುವಾರ ಮಗಳನ್ನು ಅಜ್ಜಿ ಮನೆಗೆ ಕಳಿಸಿ ಕೇಳಿದೆ. ಫೋನ್ ಮಾತೇ ತೆಗೆಯಲಿಲ್ಲ. "ಅವರ ಹೆಸರು ಯಾಕೆ ನಿಂತುಹೋಯಿತು?" ಅಂದೆ. ಈ ಸಲ ಎದ್ದು ಹೋಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು "ಮಾತಾಡ್ತೀವಿ ಅಷ್ಟೇ" ಅಂದರು. ಮುಂದೆ ಏನೂ ಹೇಳಲಿಲ್ಲ. ಈಗ ಎರಡು ದಿನ ಕಳೆದು, ತಾವೇ ಬಂದು ಫೋನ್ ಟೇಬಲ್ ಮೇಲಿಟ್ಟು "ತಗೋ, ಏನು ಬೇಕೋ ನೋಡು" ಅನ್ನುತ್ತಿದ್ದಾರೆ. ಈಗಲಾದರೂ ನೋಡಬಹುದಾ?

ಬೆಂಗಳೂರಿನ ವಕೀಲೆ:

ಅವರೇ ಕೊಟ್ಟಿದ್ದಾರೆ, ಕಾನೂನಿನ ತೊಡಕು ಇಲ್ಲ. ನಿಮ್ಮ ಫೋನಿಗೆ ಏನನ್ನೂ ಫಾರ್ವರ್ಡ್ ಮಾಡಿಕೊಳ್ಳಬೇಡಿ, ಆಕೆಗೆ ಮೆಸೇಜ್ ಮಾಡಬೇಡಿ, ಅಷ್ಟೇ.

ಶಿವಮೊಗ್ಗದ ಟೀಚರ್:

ಎರಡು ದಿನ ಬಿಟ್ಟು ಕೊಟ್ಟ ಫೋನಿನಲ್ಲಿ ಏನಿರುತ್ತೆ ತಂಗಿ? ಖಾಲಿ ಇದ್ದರೂ ನಿಮಗೆ ನಂಬಿಕೆ ಬರಲ್ಲ. ಅದನ್ನು ಅಲ್ಲೇ ಬಿಟ್ಟು ಅವರನ್ನು ಕೂರಿಸಿ. "ಮಾತಾಡ್ತೀವಿ ಅಷ್ಟೇ" ಅಂದರಲ್ಲ, ಅಲ್ಲಿಂದ ಶುರು ಮಾಡಿ. ಯಾವಾಗಿಂದ, ಎಷ್ಟು ಹೊತ್ತು, ನಮ್ಮ ಮನೆಯ ವಿಷಯ ಅವರಿಗೆ ಎಷ್ಟು ಗೊತ್ತು, ನನಗೆ ಯಾಕೆ ಹೇಳಲಿಲ್ಲ. ಇನ್ನೇನಾದರೂ ನಡೆದಿದೆಯಾ ಅಂತ ನೇರ ಕೇಳಿ, ಹೌದು ಅಂದರೆ ಅದರ ಬಣ್ಣನೆ ಮಾತ್ರ ಕೇಳಬೇಡಿ. ಒಬ್ಬಳಿಗೇ ಕಷ್ಟ ಅನ್ನಿಸಿದರೆ ಇಬ್ಬರೂ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿ, ನಾವು ಹೋಗಿದ್ದೆವು. ಬರಲ್ಲ ಅಂದರೆ ನೀವೊಬ್ಬರೇ ಹೋಗಿ. ಮಗಳು ಇನ್ನೂ ಅಜ್ಜಿ ಮನೆಯಲ್ಲೇ ಇದ್ದರೆ ಇವತ್ತು ರಾತ್ರಿಯೇ ಕೂತು ಮಾತಾಡಿ.