ಕ್ರೂಸ್ ಟಿಕೆಟ್‌ನಲ್ಲಿ ಬಚ್ಚಿಟ್ಟ ಶುಲ್ಕ: ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಬಹುದೇ?

ಪ್ರಶ್ನೆ: ಜಾಹೀರಾತಿನಲ್ಲಿ ಒಂದು ದರ, ಹಣ ಕಟ್ಟುವ ಪುಟದಲ್ಲಿ 'ಬಂದರು ವೆಚ್ಚ' ಸೇರಿ ಇನ್ನೊಂದು. ಇದು ಕಾನೂನುಬದ್ಧವೇ?

ಉತ್ತರ 1: ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾ ಕಾನೂನು ಎಸ್‌ಬಿ 478 ಪ್ರಕಾರ ಕಡ್ಡಾಯ ಶುಲ್ಕವೆಲ್ಲ ಮೊದಲು ತೋರಿಸುವ ಬೆಲೆಯಲ್ಲೇ ಇರಬೇಕು. ಸರ್ಕಾರ ವಿಧಿಸುವ ತೆರಿಗೆ, ಶುಲ್ಕಗಳಿಗೆ ವಿನಾಯಿತಿ ಇದೆ. 'ಬಂದರು ವೆಚ್ಚ'ದಲ್ಲಿ ಹಡಗನ್ನು ದಡಕ್ಕೆ ಕಟ್ಟುವ, ಸಾಮಾನು ಇಳಿಸುವ ಖಾಸಗಿ ಖರ್ಚೂ ಬೆರೆತಿರುತ್ತದೆ. ಜಗಳವೆಲ್ಲ ಅಲ್ಲೇ. ಎರಡೂ ಪುಟಗಳ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ಇಟ್ಟುಕೊಳ್ಳಿ.

ಉತ್ತರ 2: ಪರಿಹಾರ ಕೇಳುವುದಾದರೆ ದಾವೆಗೆ 30 ದಿನ ಮೊದಲೇ ಸರ್ಟಿಫೈಡ್ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಂಪನಿಗೆ ನೋಟಿಸ್ ಕೊಡಬೇಕು. ಬಹಳ ಜನ ಎಡವುವುದು ಇಲ್ಲೇ.

ಉತ್ತರ 3: ಟಿಕೆಟ್ ಕರಾರನ್ನು ದಯವಿಟ್ಟು ಮೊದಲು ಓದಿ. ಯಾವ ಊರಿನ ಕೋರ್ಟು, ಮಧ್ಯಸ್ಥಿಕೆ ಕಡ್ಡಾಯವೇ, ಸಾಮೂಹಿಕ ದಾವೆಗೆ ತಡೆಯಿದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಇಂಥ ಊರಿನ ಕೋರ್ಟಿನಲ್ಲೇ ದಾವೆ ಹೂಡಬೇಕೆಂಬ ಷರತ್ತನ್ನು ಅಮೆರಿಕದ ಸುಪ್ರೀಂ ಕೋರ್ಟು 1991ರಲ್ಲೇ ಎತ್ತಿಹಿಡಿದಿದೆ.