ಹಳೆ ಝೆನ್‌ಗೆ ಶಾಕ್‌ಅಬ್ಸಾರ್ಬರ್ ಸಿಗುತ್ತಿಲ್ಲ, ಬೇರೆ ಕಾರಿನದು ಹಾಕಬಹುದಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಅಣ್ಣ, ನಮ್ಮ ಮನೆಯಲ್ಲಿ 1999ರ ಮಾರುತಿ ಝೆನ್ ಇದೆ. ಅಪ್ಪಯ್ಯ ತಗೊಂಡಿದ್ದು, ಮಾರುವ ಮನಸ್ಸಿಲ್ಲ. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಆದರೆ ಈ ಮಳೆಗಾಲ ಮುಗಿದ ಮೇಲೆ ಹೊಂಡಕ್ಕೆ ಇಳಿದಾಗಲೆಲ್ಲ ಮುಂದಿನ ಎಡಗಡೆ ಕಟಕಟ ಶಬ್ದ. ಆ ಕಡೆ ಶಾಕ್ ಮೇಲೆ ಎಣ್ಣೆಯೂ ಇಳಿದಿದೆ. ಕಂಪನಿ ಪಾರ್ಟ್ ಇಲ್ಲ ಅಂದರು. ಒಬ್ಬ ಅಂಗಡಿಯವರು ಆಲ್ಟೋದು ಕೂರುತ್ತದೆ ಅಂತಾರೆ. ಇನ್ನೊಬ್ಬರು ಗುಜರಿಯಲ್ಲಿ ನೋಡಿ ಅಂತಾರೆ. ಆನ್‌ಲೈನ್‌ನಲ್ಲಿ ‘ಸುಜುಕಿ ಆಲ್ಟೋ 1998’ ಅಂತ ಒಂದು ಶಾಕ್ ಕಾಣಿಸಿತು. ಯಾವುದನ್ನು ನಂಬಲಿ?

ಉತ್ತರ (ಮೆಕ್ಯಾನಿಕ್, ಶಿವಮೊಗ್ಗ): ಮೊದಲು ಆ ಆಲ್ಟೋ ವಿಷಯ ಹೇಳಿಬಿಡುತ್ತೇನೆ, ಅಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ನಮ್ಮ ಝೆನ್ 1993ರಲ್ಲಿ ಬಂತು. ಅದೇ ಕಾರನ್ನು ಯುರೋಪಿಗೆ ಕಳಿಸುವಾಗ ‘ಸುಜುಕಿ ಆಲ್ಟೋ’ ಅಂತ ಹೆಸರಿಟ್ಟರು. ನಮ್ಮಲ್ಲಿ 2000ದಲ್ಲಿ ಬಂದ ಆಲ್ಟೋ ಬೇರೆಯೇ ಕಾರು. ಹಾಗಾಗಿ ಆನ್‌ಲೈನ್‌ನಲ್ಲಿ ನೀವು ನೋಡಿದ್ದು ಯುರೋಪಿನ ಪಟ್ಟಿಯದಾದರೆ ನಿಮ್ಮ ಝೆನ್‌ನದೇ ಇರಬಹುದು. ಅಂಗಡಿಯವರು ಹೇಳುವ ಇಲ್ಲಿನ ಆಲ್ಟೋ ಶಾಕ್ ಅದಲ್ಲ. ಹೆಸರು ನೋಡಿ ತಗೊಳ್ಳಬೇಡಿ, ನಂಬರ್ ನೋಡಿ.

ಸುಜುಕಿ ಪಾರ್ಟ್ ನಂಬರಿನಲ್ಲಿ ಮೊದಲ 5 ಅಂಕಿ ಅದು ಯಾವ ಭಾಗ ಅಂತ ಹೇಳುತ್ತದೆ. ಅದರ ನಂತರದ ಗುಂಪು ಯಾವ ಮಾಡೆಲ್‌ಗೆ ಮಾಡಿದ್ದು ಅಂತ ತೋರಿಸುತ್ತದೆ. ಹಳೆ ಶಾಕ್ ಮೇಲಿನ ಕೆಸರು, ತುಕ್ಕು ಒರೆಸಿ ಆ ನಂಬರ್ ಫೋಟೋ ತೆಗೆದಿಡಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋದರೂ, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೂ ಅದನ್ನೇ ತೋರಿಸಿ. ಗೇಬ್ರಿಯಲ್‌ನಂಥ ಶಾಕ್ ತಯಾರಕರ ಕ್ಯಾಟಲಾಗ್‌ನಲ್ಲಿ ಝೆನ್‌ಗೆ ಅಂತಲೇ ಇದೆಯಾ ಕೇಳಿ. ಸಿಕ್ಕರೆ ಬೇರೆ ಕಾರಿನದರ ಯೋಚನೆಯೇ ಬೇಡ.

ಇನ್ನೊಂದು ಮಾತು. ಎಣ್ಣೆ ಇಳಿದ ಶಾಕ್ ಬದಲಾಯಿಸಲೇಬೇಕು, ಸರಿ. ಆದರೆ ಕಟಕಟ ಅನ್ನುವುದು ಅದೇ ಅಂತ ತೀರ್ಮಾನ ಮಾಡಬೇಡಿ. ಒಬ್ಬರು ನಿಂತಲ್ಲೇ ಸ್ಟೇರಿಂಗ್ ತಿರುಗಿಸಲಿ, ನೀವು ಸ್ಪ್ರಿಂಗ್ ಮೇಲೆ ಕೈ ಇಡಿ. ಸ್ಪ್ರಿಂಗ್ ತಡೆದು ತಡೆದು ಜಿಗಿದರೆ ಮೇಲಿನ ಮೌಂಟ್ (ಶಾಕ್‌ನ ತುದಿಯನ್ನು ಬಾಡಿಗೆ ಹಿಡಿಸುವ ಭಾಗ) ಬೇರಿಂಗ್ ಹೋಗಿದೆ. ಅದು ಇಲ್ಲವಾದರೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಕಬ್ಬಿಣದ ತೋಳು) ಬುಷ್, ಅಂದರೆ ಅದರ ಕೀಲಿನ ರಬ್ಬರ್, ಮತ್ತು ಆ ತೋಳನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್ ನೋಡಿಸಿ. ನಮ್ಮ ಕಡೆ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದರೆ ಕೆಮ್ಮಣ್ಣಿನ ನೀರು ಒಳಗೆ ಸೇರುತ್ತದೆ. ಆಮೇಲೆ ಅದು ಸವೆಯಲು ಜಾಸ್ತಿ ದಿನ ಬೇಕಿಲ್ಲ.

ಪ್ರಶ್ನೆ: ಝೆನ್‌ದು ಎಲ್ಲೂ ಸಿಗಲಿಲ್ಲ ಅಂದರೆ? ನಮ್ಮೂರ ಗ್ಯಾರೇಜಿನವರು ಹೇಗೋ ಕೂರಿಸಿಕೊಡುತ್ತೇನೆ ಅಂತಾರೆ.

ಉತ್ತರ: ಬೋಲ್ಟ್ ಕೂತ ಮಾತ್ರಕ್ಕೆ ಪಾರ್ಟ್ ಸರಿ ಅಂತಲ್ಲ ಮಾರಾಯ್ರೆ. ಹಳೆಯದನ್ನು ಬಿಚ್ಚಿ ವರ್ನಿಯರ್‌ನಲ್ಲಿ (ಮಿ.ಮೀ.ಗಿಂತ ಸಣ್ಣದನ್ನೂ ಅಳೆಯುವ ಸಾಧನ) ಅಳೆಯಿರಿ. ಕೆಳಗಿನ ಎರಡು ಬೋಲ್ಟ್ ತೂತಿನ ಅಗಲ, ಅವುಗಳ ನಡುವಿನ ಅಂತರ, ತೂತಿನಿಂದ ಸ್ಪ್ರಿಂಗ್ ತಟ್ಟೆಯವರೆಗಿನ ಎತ್ತರ, ಮೇಲಿನ ರಾಡಿನ ಮರೆ (ಥ್ರೆಡ್). ಪೂರ್ತಿ ಎಳೆದಾಗ ಎಷ್ಟು ಉದ್ದ, ಪೂರ್ತಿ ಒತ್ತಿದಾಗ ಎಷ್ಟು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಜಾಸ್ತಿ ಉದ್ದ ಎಳೆಯುವ ಶಾಕ್ ಹಾಕಿದರೆ ಚಕ್ರ ಜೋತಾಡುವಾಗ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಜಾಯಿಂಟ್ ಹೊರಗೆ ಎಳೆದುಕೊಳ್ಳುತ್ತದೆ. ಒತ್ತಿದಾಗಿನ ಉದ್ದ ಜಾಸ್ತಿಯಾದರೆ ಹೊಂಡದಲ್ಲಿ ಶಾಕ್ ಒಳಗೇ ಬೇಗ ತಳ ಬಡಿಯುತ್ತದೆ. ಬ್ರೇಕ್ ಪೈಪ್ ಹಿಡಿಸುವ ಕ್ಲಿಪ್ ಎಲ್ಲಿದೆ ಅಂತಲೂ ನೋಡಿ. ಪೈಪ್ ಎಳೆದು ನಿಂತರೆ ಆಗುಂಬೆ ಘಾಟಿಯ ತಿರುವಿನಲ್ಲಿ ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಏನಾಗಬಹುದು ಯೋಚಿಸಿ.

ಶಾಕ್, ಬುಷ್, ಮೌಂಟ್ ಅಳತೆ ಕೂಡಿದರೆ ಬೇರೆ ಕಾರಿನದು ಹಾಕಬಹುದು. ಬಾಲ್ ಜಾಯಿಂಟ್‌ಗೆ ಮಾತ್ರ ಈ ಆಟ ಬೇಡವೇ ಬೇಡ. ಅದರ ಕಡ್ಡಿ ತನ್ನ ತೂತಿಗೆ ಸರಿಯಾಗಿ ಕೂರಬೇಕು. ಆ ಅಳತೆ ಸ್ವಲ್ಪ ತಪ್ಪಿದರೂ ಹಿಡಿತ ಸರಿ ಕೂರುವುದಿಲ್ಲ, ಒಂದು ದಿನ ಮುರಿಯುತ್ತದೆ. ಚಕ್ರ ಮಡಚಿಕೊಂಡು ಬೀಳುತ್ತದೆ. ಗುಜರಿಯದೂ ಬೇಡ, ವೆಲ್ಡಿಂಗ್ ಅಂತೂ ಮುಟ್ಟಬೇಡಿ. ಗುಜರಿಯಿಂದ ತರಬಹುದಾದದ್ದು ತುಕ್ಕು ಹಿಡಿಯದ ಆರ್ಮ್, ಸ್ಪ್ರಿಂಗ್ ತಟ್ಟೆಯಂಥ ಕಬ್ಬಿಣ. ಅದನ್ನೂ ಬಾಗಿಲ್ಲ, ಬಿರುಕಿಲ್ಲ ಅಂತ ನೋಡಿಕೊಂಡು.

ಇನ್ನೊಬ್ಬ ಸದಸ್ಯರು (ಹೊಸನಗರ): ನಮ್ಮ ಝೆನ್‌ನಲ್ಲಿ ಅಡಿಕೆ ಮೂಟೆ ಹೇರಿದರೆ ಹಿಂದೆ ಕೂತುಬಿಡುತ್ತದೆ. ಸ್ವಲ್ಪ ದಪ್ಪ ತಂತಿಯ ಸ್ಪ್ರಿಂಗ್ ಸಿಕ್ಕಿದೆ, ಹಾಕಿಸಲಾ?

ಉತ್ತರ: ಆ ‘ಸ್ವಲ್ಪ’ ಸ್ವಲ್ಪ ಅಲ್ಲ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ಸುತ್ತುಗಳು, ಸುರುಳಿಯ ಅಗಲ ಒಂದೇ ಇದ್ದು 10 ಮಿ.ಮೀ. ಬದಲು 11 ಮಿ.ಮೀ. ತಂತಿ ಹಾಕಿದರೆ ಬಿಗಿ ಸುಮಾರು 46 ಶೇಕಡಾ ಹೆಚ್ಚುತ್ತದೆ. ಖಾಲಿ ಗಾಡಿ ಆಗ ಎತ್ತೆತ್ತಿ ಹಾಕುತ್ತದೆ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರದ ಹಿಡಿತ ತಪ್ಪುತ್ತದೆ. ಹಳೆ ಶಾಕ್ ಆ ಸ್ಪ್ರಿಂಗನ್ನು ತಡೆಯಲಾರದು. ನಿಮ್ಮ ಸ್ಪ್ರಿಂಗ್ ಕುಸಿದಿದ್ದರೆ ಅದೇ ಅಳತೆಯ ಹೊಸದು ಹಾಕಿಸಿ. ಮೂಟೆಗೆ ಬಾಡಿಗೆ ಗಾಡಿ ಕರೆಸಿ.

ಪ್ರಶ್ನೆ: ಬುಷ್ ಇಲ್ಲೇ ಲೇತ್‌ನಲ್ಲಿ ನೈಲಾನ್‌ದು ಮಾಡಿಕೊಡುತ್ತಾರಂತೆ, ಆಗಬಹುದಾ ಅಣ್ಣ?

ಉತ್ತರ: ರಬ್ಬರೇ ಹುಡುಕಿ. ಆ ಬುಷ್ ಬರೀ ಸುತ್ತುವುದಲ್ಲ, ಪೆಟ್ಟನ್ನೂ ನುಂಗಬೇಕು. ನೈಲಾನ್ ಹಾಕಿದರೆ ಪೆಟ್ಟೆಲ್ಲ ನೇರ ಕಾರಿನ ಬಾಡಿ ಮೇಲೆ ಬೀಳುತ್ತದೆ. ಹೊರಸುತ್ತು, ಒಳ ಬೋಲ್ಟಿನ ತೂತು, ಉದ್ದ ಈ ಮೂರು ಹೊಂದುವ ರಬ್ಬರ್ ಬುಷ್ ಬೇರೆ ಕಾರಿನದಾದರೂ ವಾಸಿ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಜ್ಯಾಕ್ ಮೇಲೆ ಚಕ್ರ ಜೋತಾಡುವಾಗಲೇ ಬುಷ್ ಬೋಲ್ಟ್ ಪೂರ್ತಿ ಬಿಗಿ ಮಾಡಲು ಬಿಡಬೇಡಿ. ಹಾಗೆ ಮಾಡಿದರೆ ಗಾಡಿ ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಶಾಕ್ ಎಡ ಬಲ ಎರಡೂ ಒಟ್ಟಿಗೆ ಹಾಕಿಸಿ. ವೀಲ್ ಅಲೈನ್‌ಮೆಂಟ್ ಮಾಡಿಸದೆ ಊರಿಗೆ ಹೊರಡಬೇಡಿ, ಟಯರ್ ತಿಂದುಹಾಕುತ್ತದೆ. ನಂಬರಿನ ಫೋಟೋ, ಅಳತೆ ಎರಡೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.