ಪದಚರ್ಚೆ: ಕಬ್ಬಿಣ ಕೊಯ್ಯುವ ‘ಬ್ಯಾಂಡ್ ಸಾ’ಗೆ ಕನ್ನಡದಲ್ಲಿ ಏನೆನ್ನೋಣ? (ನಾಳೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರಿಗಾಗಿ ಒಂದು ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ಕಡಿಮೆ ಬೆಲೆಯ, ಲೋಹ ಕೊಯ್ಯುವ ಬ್ಯಾಂಡ್ ಸಾ ಆರಿಸುವುದು ಹೇಗೆ ಎಂಬ ಅಧ್ಯಾಯ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಯಂತ್ರದ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಹೆಸರು ಬರುತ್ತದೆ. ಅಲ್ಲಿಗೆ ಪದ ಬೇಕು.

ಎರಡು ಗಾಲಿಗಳ ಮೇಲೆ ಉಕ್ಕಿನ ಒಂದು ತೆಳು ಪಟ್ಟಿ ಬೆಲ್ಟಿನಂತೆ ಓಡುತ್ತದೆ, ಅದರ ಒಂದು ಅಂಚಿಗೆ ಹಲ್ಲು. ಹಿಂದೆ ಮುಂದೆ ಎಳೆಯುವುದಿಲ್ಲ, ಒಂದೇ ದಿಕ್ಕಿಗೆ ಕೊಯ್ಯುತ್ತಲೇ ಹೋಗುತ್ತದೆ. ನಾನು ‘ಪಟ್ಟಿಗರಗಸ’ ಎಂದು ಬರೆದುಕೊಂಡಿದ್ದೆ. ತೊಡಕು ಏನೆಂದರೆ, ಕೊಯ್ಯಬೇಕಾದ ಚಪ್ಪಟೆ ಕಬ್ಬಿಣವನ್ನೂ ವರ್ಕ್‌ಶಾಪಿನಲ್ಲಿ ‘ಪಟ್ಟಿ’ ಎಂದೇ ಕರೆಯುತ್ತಾರೆ. ‘ಪಟ್ಟಿಗರಗಸದ ವೈಸಿನಲ್ಲಿ ಪಟ್ಟಿಯನ್ನು ಬಿಗಿಯಿರಿ, ಆಮೇಲೆ ಪಟ್ಟಿಯ ಬಿಗಿತ ನೋಡಿ’ ಎಂಬ ವಾಕ್ಯದಲ್ಲಿ ಓದುವವರು ಯಾವ ಪಟ್ಟಿಯನ್ನು ಹಿಡಿಯಬೇಕು? (ವೈಸು ಅಂದರೆ ಕೊಯ್ಯುವ ತುಂಡನ್ನು ಬಿಗಿಹಿಡಿಯುವ ದವಡೆ.) ಬ್ಲೇಡು ಕೊಯ್ದಾಗ ಲೋಹದಲ್ಲಿ ಉಳಿಯುವ ಸಂದಿನ ಅಗಲಕ್ಕೂ ಒಂದು ಮಾತು ಬೇಕಾಗಿದೆ.

*

ಉತ್ತರ 1

ಪಟ್ಟಿಗರಗಸ. ಸರಿಯಾಗಿಯೇ ಇದೆ, ಬದಲಾಯಿಸಬೇಡಿ. ಓಡುವ ಪಟ್ಟಿಗೆ ‘ಅಲಗು’ ಅಂದರೆ ಗೊಂದಲ ಮುಗಿಯಿತು.

*

ಉತ್ತರ 2

ಇಷ್ಟು ಬೇಗ ಮುಗಿಸಬೇಡಿ. ಪದದ ಹುಟ್ಟು ನೋಡದೆ ಹೊಸ ಸಮಾಸ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

‘ಗರಗಸ’ ಸಂಸ್ಕೃತದ ‘ಕ್ರಕಚ’ದ ತದ್ಭವ. ಒತ್ತಕ್ಷರ ಬಿಡಿಸಿಕೊಂಡಿತು, ಕಕಾರ ಗಕಾರವಾಯಿತು, ಚಕಾರ ಸಕಾರವಾಯಿತು. ಅಮರಕೋಶ ಕ್ರಕಚದ ಜೊತೆಯಲ್ಲೇ ಗರಗಸಕ್ಕೆ ಇನ್ನೊಂದು ಹೆಸರು ಕೊಡುತ್ತದೆ: ಕರಪತ್ರ. ಅದೇ ‘ಕರಪತ್ರ’ ಇಂದು ಬೀದಿಯಲ್ಲಿ ಹಂಚುವ ಕಾಗದ. ಅಂದರೆ ಒಂದು ಹೆಸರು ನಮ್ಮ ಬಾಯಿಗೆ ಒಗ್ಗಿ, ರೂಪ ಬದಲಿಸಿಕೊಂಡು ಉಪಕರಣದಲ್ಲೇ ನಿಂತಿತು. ರೂಪ ಬದಲಿಸದ ಇನ್ನೊಂದು ಹೆಸರು ಉಪಕರಣವನ್ನೇ ಬಿಟ್ಟುಹೋಯಿತು. ಎರವಲು ಪದ ಬಾಳುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

‘ಪಟ್ಟಿಗರಗಸ’ದಲ್ಲಿ ಎರಡೂ ತದ್ಭವ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆಯುವ ಅರಿಸಮಾಸದ ದೋಷವಿಲ್ಲ. ‘ಲೋಹಗರಗಸ’ ಎಂದು ಮಾತ್ರ ಯಾರೂ ಸೂಚಿಸಬೇಡಿ. ವಿಗ್ರಹವಾಕ್ಯ ಮಾಡಿ ನೋಡಿ: ಲೋಹವನ್ನು ಕೊಯ್ಯುವ ಗರಗಸವೋ, ಲೋಹದಿಂದ ಮಾಡಿದ ಗರಗಸವೋ? ಮರ ಕೊಯ್ಯುವ ಗರಗಸವೂ ಲೋಹದ್ದೇ. ‘ಪಟ್ಟಿಗರಗಸ’ದಲ್ಲಿ ದೋಷವಿಲ್ಲದಿದ್ದರೂ, ಹಿಂದೆ ಮುಂದೆ ಆಡಿಸುವ ಗರಗಸಕ್ಕೂ ಸುತ್ತುವ ಗರಗಸಕ್ಕೂ ಇರುವ ಭೇದ ಚಲನೆಯಲ್ಲಿದೆ. ನನ್ನ ಆಯ್ಕೆ ‘ಸುತ್ತುಗರಗಸ’.

*

ಉತ್ತರ 3

ಮೇಷ್ಟ್ರೇ, ಕ್ರಕಚ ಅಂದಿರಿ, ಕರಪತ್ರ ಅಂದಿರಿ. ಕನ್ನಡದ ಸ್ವಂತ ಬೇರು ಎಲ್ಲಿ? ‘ಅರ’ ಇದೆಯಲ್ಲ. ತಮಿಳಿನಲ್ಲಿ ಅರಮ್, ನಮ್ಮಲ್ಲಿ ಅರ. ಹಲ್ಲಿನಿಂದ ಲೋಹ ಉಜ್ಜಿ ತೆಗೆಯುವ ಉಪಕರಣ. ‘ಸುತ್ತರ’ ಅನ್ನಿ. ಮೂರೇ ಅಕ್ಷರ, ಚಿತ್ರದ ಕೆಳಗೆ ಅಂದವಾಗಿ ಕೂರುತ್ತದೆ. ಹೊಸ ವಸ್ತು ಬಂದಾಗಲೆಲ್ಲ ಸಂಸ್ಕೃತದ ಬಾಗಿಲು ತಟ್ಟಿ, ಅಲ್ಲಿ ಸಿಗದಿದ್ದರೆ ಇಂಗ್ಲಿಷಿನ ಬಾಗಿಲಿಗೆ ಹೋಗುವ ಅಭ್ಯಾಸ ನಿಲ್ಲಬೇಕು.

*

ಉತ್ತರ 4

ಸ್ವಾಮಿ, ನಾನು ಲೇತು, ಗರಗಸಗಳ ನಡುವೆ ಕೆಲಸ ಮಾಡುವವನು. ‘ಅರ’ ಅಂದರೆ ಫೈಲು, ಕೊಯ್ದ ಮೇಲೆ ಅಂಚಿನಲ್ಲಿ ಉಳಿಯುವ ಸುಂಕು, ಅಂದರೆ ಚೂಪಾದ ಒರಟು, ತೆಗೆಯುವುದು. ಆ ಅಧ್ಯಾಯದಲ್ಲಿ ಅದೂ ಬರುತ್ತದೆ. ಕೊಯ್ಯುವುದಕ್ಕೂ ಅರ, ಉಜ್ಜುವುದಕ್ಕೂ ಅರ ಎಂದರೆ ಓದಿದವನು ಯಾವುದನ್ನು ಕೈಗೆತ್ತಿಕೊಳ್ಳಬೇಕು? ಸುತ್ತರ ಬೇಡ.

‘ಸುತ್ತುಗರಗಸ’ವೂ ಬೇಡ. ಅದನ್ನು ಕೇಳಿದ ಕೂಡಲೇ ನನ್ನ ಕಣ್ಣಿಗೆ ಬರುವುದು ಅಂಚಿಗೆ ಹಲ್ಲಿರುವ ದುಂಡನೆಯ ಬಿಲ್ಲೆ. ಅದು ಬೇರೆ ಯಂತ್ರ.

ನಾವು ಬಾಯಲ್ಲಿ ಅನ್ನುವುದು ‘ಬ್ಯಾಂಡ್ ಸಾ ಮಿಷನ್ನು’. ಕೊನೆಯ ‘ಮಿಷನ್ನು’ ಸುಮ್ಮನೆ ಬಂದದ್ದಲ್ಲ. ಬರೀ ‘ಸಾ’ಕ್ಕೆ ವಿಭಕ್ತಿ ಹಚ್ಚಿ ನೋಡಿ. ಸಾಯಿಂದ, ಸಾಯನ್ನು, ಸಾಯಲ್ಲಿ. ಹಚ್ಚಿದ ಕೂಡಲೇ ‘ಸಾಯು’ ಕಿವಿಗೆ ಬಡಿಯುತ್ತದೆ. ಮಿಷನ್ನಿಗೆ, ಮಿಷನ್ನಿನಲ್ಲಿ, ಮಿಷನ್ನಿನಿಂದ ಎಂದರೆ ಸಲೀಸು. ವ್ಯಾಕರಣ ಓದದವರೇ ಈ ದಾರಿ ಕಂಡುಕೊಂಡಿದ್ದಾರೆ.

ಇನ್ನು ಅನುವಾದ ಮಾಡುತ್ತಿರುವ ಮೇಡಂ ಅವರಿಗೆ. ಹೆಸರು ಏನಾದರೂ ಇಡಿ, ಒಳಗಿನ ವಿಷಯ ಕೆಡದಿರಲಿ. ಮೂಲದಲ್ಲಿ ಮೋಟಾರಿನ ಅಶ್ವಶಕ್ತಿಯ ಮೇಲೆಯೇ ಒತ್ತು ಇದ್ದರೆ ಒಂದು ಟಿಪ್ಪಣಿ ಸೇರಿಸಿ. ಅಗ್ಗದ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ವೇಗ. ಮರ ಕೊಯ್ಯುವ ಬ್ಯಾಂಡ್ ಸಾ ಮಿಷನ್ನಿನಲ್ಲಿ ಬ್ಲೇಡು ನಿಮಿಷಕ್ಕೆ ಸುಮಾರು 900 ಮೀಟರ್ ಓಡುತ್ತದೆ. ಉಕ್ಕಿಗೆ ಆ ವೇಗ ಕೊಟ್ಟರೆ ಹಲ್ಲು ಕಾದು, ಹದ ಕಳೆದುಕೊಂಡು, ನೋಡುನೋಡುತ್ತಲೇ ಮೊಂಡಾಗುತ್ತದೆ. ಮನೆಗೆಂದು ಬರುವ ಸಣ್ಣ ಮಲಗಿದ ಮಾದರಿಗಳಲ್ಲಿ, ಅಂದರೆ 100 ಮಿ.ಮೀ. ಎತ್ತರ, 150 ಮಿ.ಮೀ. ಅಗಲದ ತುಂಡು ಹಿಡಿಯುವಂಥವುಗಳಲ್ಲಿ, ಸಾಮಾನ್ಯವಾಗಿ ಬೆಲ್ಟು ಬದಲಿಸಿ ಮೂರು ವೇಗ ಪಡೆಯಬಹುದು: ನಿಮಿಷಕ್ಕೆ ಸುಮಾರು 25, 37, 60 ಮೀಟರ್. ಗಟ್ಟಿ ಉಕ್ಕಿಗೆ ಕೆಳಗಿನದು, ಮೆದು ಉಕ್ಕಿಗೆ ನಡುವಿನದು, ಹಿತ್ತಾಳೆ ಅಲ್ಯೂಮಿನಿಯಮ್ಮಿಗೆ ಮೇಲಿನದು. ‘ಮರಕ್ಕೂ ಲೋಹಕ್ಕೂ ಆಗುತ್ತದೆ’ ಎಂದು ಬರೆದು ಒಂದೇ ವೇಗ ಕೊಟ್ಟಿರುವ ಯಂತ್ರವನ್ನು ಉಕ್ಕಿಗೆಂದು ಕೊಳ್ಳಬಾರದು.

ಎರಡನೆಯದು ವೈಸು ಮತ್ತು ಗೈಡು ಬೇರಿಂಗು. ಅಗ್ಗದ ಯಂತ್ರದಲ್ಲಿ ತಯಾರಕರು ಖರ್ಚು ಉಳಿಸುವುದು ಇಲ್ಲೇ. ವೈಸಿನ ದವಡೆ ಬಿಗಿದ ಮೇಲೂ ಅಲುಗಿದರೆ ಕೊಯ್ತ ಓರೆಯಾಗುತ್ತದೆ. ಬ್ಲೇಡನ್ನು ಎರಡು ಕಡೆ ಹಿಡಿಯುವ ಬೇರಿಂಗುಗಳನ್ನು ಸರಿಹೊಂದಿಸುವ ವ್ಯವಸ್ಥೆ ಇದೆಯೇ, ಅವು ತುಂಡಿನ ಹತ್ತಿರಕ್ಕೆ ಸರಿಯುತ್ತವೆಯೇ ಎಂದು ಕೈಯಿಟ್ಟು ನೋಡಬೇಕು. ಬೇರಿಂಗುಗಳ ನಡುವೆ ದೂರ ಹೆಚ್ಚಿದಷ್ಟೂ ಬ್ಲೇಡು ತಿರುಚಿಕೊಳ್ಳುತ್ತದೆ. ಮೋಟಾರು ಅರ್ಧ ಅಶ್ವಶಕ್ತಿಯದಾದರೂ ಇವೆರಡು ಗಟ್ಟಿಯಿದ್ದರೆ ನೇರ ಕೊಯ್ಯುತ್ತದೆ. ಇವು ಸಡಿಲವಿದ್ದರೆ ಮೋಟಾರು ದೊಡ್ಡದಾಗಿ ಪ್ರಯೋಜನವಿಲ್ಲ.

ಮೂರನೆಯದು ಬ್ಲೇಡು. ಯಂತ್ರದ ಜೊತೆ ಕೊಡುವ ಕಾರ್ಬನ್ ಉಕ್ಕಿನದನ್ನು ಬೇಗ ತೆಗೆದಿಟ್ಟು ಬೈಮೆಟಲ್ ಹಾಕಿ. ಬೆನ್ನಿಗೆ ಬಾಗುವ ಸ್ಪ್ರಿಂಗ್ ಉಕ್ಕು, ಹಲ್ಲಿಗೆ ಬಿಸಿ ತಾಳುವ ಹೈಸ್ಪೀಡ್ ಉಕ್ಕು, ಎರಡನ್ನೂ ಬೆಸೆದು ಮಾಡಿದ್ದು. ಹಣ ಉಳಿಸುವುದಾದರೆ ಯಂತ್ರದಲ್ಲಿ ಉಳಿಸಿ, ಬ್ಲೇಡಿನಲ್ಲಿ ಬೇಡ. ಹಲ್ಲಿನ ಲೆಕ್ಕವೂ ಮುಖ್ಯ. ಯಾವಾಗಲೂ ಸುಮಾರು ಮೂರು ಹಲ್ಲಾದರೂ ಲೋಹದೊಳಗೆ ಇರಬೇಕು. ಇಂಚಿಗೆ 14 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ 1.8 ಮಿ.ಮೀ. ಅದರಿಂದ 3 ಮಿ.ಮೀ. ಗೋಡೆಯ ಪೈಪು ಕೊಯ್ಯಲು ಹೋದರೆ ಎರಡು ಹಲ್ಲೂ ಪೂರ್ತಿ ಕೂರುವುದಿಲ್ಲ, ಹಲ್ಲು ಸಿಕ್ಕಿ ಮುರಿಯುತ್ತದೆ. ಅದಕ್ಕೆ 24 ಹಲ್ಲಿನದು ಬೇಕು. ಒಳಗೆ ಟೊಳ್ಳಿಲ್ಲದ 25 ಮಿ.ಮೀ. ಸರಳಿಗೆ 14 ಚೆನ್ನಾಗಿ ಆಗುತ್ತದೆ.

ಇದರಲ್ಲಿ ಯಾವುದಕ್ಕೂ ‘ಕತ್ತರಿಸು’ ಅನ್ನಬೇಡಿ. ಕತ್ತರಿಸುವುದು ಕತ್ತರಿ. ಗರಗಸ ಕೊಯ್ಯುತ್ತದೆ.

*

ಉತ್ತರ 2ರವರಿಂದ

‘ಕೊಯ್ಯು’ ಬಗ್ಗೆ ನೂರಕ್ಕೆ ನೂರು ಒಪ್ಪಿದೆ. ‘ಮಿಷನ್ನು’ ಬಗ್ಗೆ ಒಪ್ಪಲಾರೆ. ಗಂಟಲಿಗೆ ಸಲೀಸೆಂದು ಒಂದು ಪರಭಾಷಾ ಪದಕ್ಕೆ ಇನ್ನೊಂದು ಪರಭಾಷಾ ಪದವನ್ನು ಊರುಗೋಲಾಗಿ ಕೊಡುವುದು ಕನ್ನಡ ಕಟ್ಟುವ ಕೆಲಸವಲ್ಲ.

*

ಉತ್ತರ 4ರವರಿಂದ

ನೀವು ಬರೆಯುವ ಮೇಜು ಪೋರ್ಚುಗೀಸರದು, ಅದರ ಖಾನೆಗೆ ಹಾಕುವ ಚಾವಿಯೂ ಅವರದೇ. ಕಾಗದ ಪಾರಸಿಯದು. ಅವಕ್ಕೆ ಇಲ್ಲದ ತಕರಾರು ಕಬ್ಬಿಣದ ಕೆಲಸದವರ ಮಾತಿಗೆ ಬಂದಾಗ ಮಾತ್ರ ಯಾಕೆ?

*

ಉತ್ತರ 2ರವರಿಂದ

ಯಾಕೆಂದರೆ ‘ಮೇಸ’ ಬಂದು ‘ಮೇಜು’ ಆಯಿತು, ‘ಚಾವೆ’ ಬಂದು ‘ಚಾವಿ’ ಆಯಿತು. ರೂಪ ಬದಲಿಸಿಕೊಂಡವು, ವಿಭಕ್ತಿಗೆ ಒಗ್ಗಿದವು. ಕೆಲಸದವರ ಮಾತು ಎಂಬ ಕಾರಣಕ್ಕೆ ನಾನು ತಕರಾರು ಮಾಡಿಲ್ಲ, ಮಾಡುವುದೂ ಇಲ್ಲ. ‘ಬ್ಲೇಡು’, ‘ಬೋಲ್ಟು’, ‘ನಟ್ಟು’ ಎಲ್ಲವೂ ಇಲ್ಲೇ ಹುಟ್ಟಿದಂತೆ ನಡೆಯುತ್ತಿವೆ, ಅವನ್ನು ಮುಟ್ಟಬೇಕಿಲ್ಲ. ‘ಬ್ಯಾಂಡ್ ಸಾ’ ಇನ್ನೂ ಹಾಗೆ ಆಗಿಲ್ಲ. ಬಿಡಿಯಾಗಿ ನಿಲ್ಲಲಾರದು ಎಂದು ತೋರಿಸಿಕೊಟ್ಟವರು ನೀವೇ.

*

ಉತ್ತರ 3ರವರಿಂದ

ಒಗ್ಗುವ ತನಕ ಕಾಯಬೇಕೆಂದರೆ ಕನ್ನಡದಲ್ಲಿ ಪದ ಹುಟ್ಟುವುದು ಯಾವಾಗ? ಈ ಯಂತ್ರಕ್ಕೆ ಇಂಗ್ಲೆಂಡಿನಲ್ಲಿ ವಿಲಿಯಂ ನ್ಯೂಬೆರಿ ಪೇಟೆಂಟ್ ಪಡೆದದ್ದು 1808ರಲ್ಲಿ. ಪಟ್ಟಿಯ ತುದಿಗಳನ್ನು ಮುರಿಯದಂತೆ ಬೆಸೆಯಲು ಬರದೆ ಅದು ದಶಕಗಳ ಕಾಲ ಕೆಲಸಕ್ಕೆ ಬರಲಿಲ್ಲ. ಆ ಬೆಸುಗೆಗೆ ಫ್ರಾನ್ಸಿನಲ್ಲಿ ಆನ್ ಪೋಲಿನ್ ಕ್ರೆಪಾಂ ಎಂಬ ಹೆಣ್ಣುಮಗಳು 1846ರಲ್ಲಿ ಪೇಟೆಂಟ್ ಪಡೆದಳು. ಫ್ರೆಂಚರು ಅದನ್ನು ತಮ್ಮ ಮಾತಿನಲ್ಲೇ ‘ರಿಬ್ಬನ್ನಿನ ಗರಗಸ’ ಎಂದರು. ಅವರು ಇಂಗ್ಲಿಷ್ ಹೆಸರಿಗೆ ಕಾಯಲಿಲ್ಲ. ನಮಗೂ ರಿಬ್ಬನ್ನಿಗೆ ‘ಲಾಡಿ’ ಇದೆ. ಲಾಡಿಗರಗಸ.

*

ಉತ್ತರ 1ರವರಿಂದ

ಲಾಡಿ ಬಟ್ಟೆಯದು. ಪಟ್ಟಿಗರಗಸ ಅಂತ ಮೊದಲೇ ಹೇಳಿದ್ದೆ.

*

ಕೇಳಿದವಳಿಂದ

ಎಲ್ಲರಿಗೂ ಧನ್ಯವಾದ. ಹಾಳೆ ಹೊರಡುವ ಹೊತ್ತಾಯಿತು, ಹೀಗೆ ಮಾಡುತ್ತಿದ್ದೇನೆ. ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ‘ಪಟ್ಟಿಗರಗಸ’, ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಬ್ಯಾಂಡ್ ಸಾ ಮಿಷನ್’. ಅಂಗಡಿಯಲ್ಲಿ ಕೇಳುವವರಿಗೆ ಎರಡನೆಯದು ಬೇಕೇ ಬೇಕು. ಒಳಗಿನ ಬರಹದಲ್ಲಿ ಓಡುವ ಪಟ್ಟಿಗೆ ಎಲ್ಲ ಕಡೆ ‘ಬ್ಲೇಡು’. ‘ಅಲಗು’ ಎಂದರೆ ನನಗೆ ಹರಿತವಾದ ಅಂಚು ಮಾತ್ರ ಕಾಣುತ್ತದೆ. ಇಲ್ಲಿ ಬೆನ್ನು, ಹಲ್ಲು, ಬೆಸುಗೆ ಮೂರರ ಮಾತೂ ಬರುತ್ತದೆ. ಕೊಯ್ಯಬೇಕಾದದ್ದು ‘ಚಪ್ಪಟೆ ಕಬ್ಬಿಣ’, ಹಾಗಾಗಿ ‘ಪಟ್ಟಿ’ ಎಂಬುದು ಯಂತ್ರದ ಹೆಸರಿನ ಹೊರಗೆ ಎಲ್ಲೂ ಬರುವುದಿಲ್ಲ. ‘ಕತ್ತರಿಸು’ ಇದ್ದ ಕಡೆಯೆಲ್ಲ ‘ಕೊಯ್ಯು’ ಮಾಡಿದೆ, ವಾಕ್ಯಗಳು ಹಗುರಾದವು. ವೇಗದ ಮಾತು ಮೂಲದಲ್ಲಿ ಅಧ್ಯಾಯದ ಕೊನೆಯಲ್ಲಿತ್ತು, ಸಂಪಾದಕರನ್ನು ಕೇಳಿ ಮೊದಲಿಗೆ ತಂದಿದ್ದೇನೆ.

ಸಂದಿನ ಅಗಲಕ್ಕೆ ಮಾತ್ರ ಯಾರೂ ಏನೂ ಹೇಳಲಿಲ್ಲ. ‘ಸೀಳು’ ಅನ್ನಲೇ?

*

ಉತ್ತರ 2ರವರಿಂದ

ಸೀಳು ಬೇಡ. ಸೀಳುವುದು ನಾರಿನ ಉದ್ದಕ್ಕೆ. ‘ಕಚ್ಚು’ ಅನ್ನಿ.

*

ಉತ್ತರ 4ರವರಿಂದ

ಕಚ್ಚು ಅಂದರೆ ಅರ್ಧಕ್ಕೆ ನಿಂತ ಗುರುತು, ಇದು ಆಚೆಗೆ ದಾಟಿ ಹೋಗುತ್ತದೆ. ‘ಕೊಯ್ತದ ಅಗಲ’ ಅನ್ನಿ, ಯಾರಿಗೂ ವಿವರಿಸಬೇಕಾಗಿಲ್ಲ. ಸಣ್ಣ ಯಂತ್ರದ ಬ್ಲೇಡು ಸುಮಾರು 0.6 ಮಿ.ಮೀ. ದಪ್ಪ. ಹಲ್ಲುಗಳು ಎಡಕ್ಕೂ ಬಲಕ್ಕೂ ಬಾಗಿರುವುದರಿಂದ ಕೊಯ್ತ 1 ಮಿ.ಮೀ. ಹತ್ತಿರ ಬರುತ್ತದೆ. ಹತ್ತು ತುಂಡು ಕೊಯ್ದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಸರಳು ಪುಡಿಯಾಗಿ ಹೋಗಿರುತ್ತದೆ. ಬ್ಲೇಡು ಗೆರೆಯ ಮೇಲೆ ಅಲ್ಲ, ಗೆರೆಯ ಹೊರಮಗ್ಗುಲಲ್ಲಿ ಇಳಿಯಬೇಕು ಎಂದು ಆ ವಾಕ್ಯಕ್ಕೆ ಸೇರಿಸಿಬಿಡಿ ಮೇಡಂ. ಮತ್ತೆ ಆಂಗಲ್, ಅಂದರೆ L ಆಕಾರದ ಕಬ್ಬಿಣ, ಕೊಯ್ಯುವಾಗ ಅದನ್ನು ಗುಡಾರದ ಹಾಗೆ ಮೂಲೆ ಮೇಲಾಗಿ ಇಡಲು ಹೇಳಿ. ಒಂದು ಮಗ್ಗುಲನ್ನು ಅಡ್ಡ ಮಲಗಿಸಿ ಇಟ್ಟರೆ ಬ್ಲೇಡಿಗೆ ಒಮ್ಮೆ ತೆಳುವು, ಒಮ್ಮೆ ಪೂರ್ತಿ ಅಗಲ ಎದುರಾಗಿ ಹಲ್ಲು ಉದುರುತ್ತದೆ.